ಗೋಕುಲ ರೋಡಿನ ಗ್ಯಾರೇಜಿನಲ್ಲಿ ಕಟ್ಟಿದ ಪಪ್ಪಾಯಿ ಬಣ್ಣದ ಮೆಕ್‌ಲಾರೆನ್

ಬ್ರಿಟನ್ನಿನ ಮೆಕ್‌ಲಾರೆನ್ ಕಂಪನಿಯ ಎಫ್1 ಎಲ್‌ಎಂ ಕಾರಿನ ತೂಕ 1,062 ಕಿಲೋ. ಅದರ ಮಾದರಿಯನ್ನು ಎಂಟನೇ ಒಂದು ಅಳತೆಯಲ್ಲಿ ಕಟ್ಟಿದರೆ ಉದ್ದ, ಅಗಲ, ಎತ್ತರ ಮೂರೂ ಎಂಟರಲ್ಲಿ ಒಂದು ಪಾಲಾಗುತ್ತವೆ. ಮೂರನ್ನೂ ಗುಣಿಸಿದರೆ ತೂಕ 512ರಲ್ಲಿ ಒಂದು ಪಾಲಿಗೆ ಬರುತ್ತದೆ. ಅಂದರೆ ಸುಮಾರು 2 ಕಿಲೋ 70 ಗ್ರಾಂ. ನನ್ನ ಮಾದರಿ ಇದಕ್ಕಿಂತ ಜಾಸ್ತಿ ತೂಗಬಾರದು ಅಂತ ಕೆಲಸಕ್ಕೆ ಕೈ ಹಾಕುವ ಮೊದಲೇ ತೀರ್ಮಾನ ಮಾಡಿದೆ. ಕಣ್ಣಿಗೆ ಹಾಗೇ ಕಂಡು, ಎತ್ತಿದಾಗ ಕೈ ಜಗ್ಗಿದರೆ ಅದನ್ನು ಆ ಕಾರಿನ ಮಾದರಿ ಅನ್ನಲು ನನಗೆ ಮನಸ್ಸಿಲ್ಲ. ಆ ಕಾರು ಹುಟ್ಟಿದ್ದೇ ತೂಕದ ಲೆಕ್ಕದಲ್ಲಿ.

ನನ್ನದು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜು. ಅದಕ್ಕೂ ಮೊದಲು ಧಾರವಾಡದ ಕಡೆ ಬಸ್ಸಿನ ಬಂಪರ್, ಡ್ಯಾಶ್‌ಬೋರ್ಡ್ ಮಾಡುವ ಫೈಬರ್ ಕೆಲಸದಲ್ಲಿದ್ದೆ. ಹಾಗಾಗಿ ಅಚ್ಚು, ನಾರನ್ನು ಹಿಡಿದು ಗಟ್ಟಿಯಾಗುವ ರೆಸಿನ್ ಅಂಟು, ಸ್ಪ್ರೇ ಗನ್ ಯಾವುದೂ ನನಗೆ ಹೊಸದಲ್ಲ. ಕಾರ್ಬನ್ ನಾರು ಮಾತ್ರ ಹೊಸದು.

ಇಷ್ಟು ಕಾರುಗಳಿರುವಾಗ ಇದೇ ಯಾಕೆ ಅಂತ ಕೇಳುತ್ತಾರೆ. ಇದನ್ನು ವಿನ್ಯಾಸ ಮಾಡಿದ ಗಾರ್ಡನ್ ಮರ್ರೆ ಅವರು ಅದಕ್ಕೂ ಮೊದಲು ಫಾರ್ಮುಲಾ ಒನ್ ರೇಸ್ ಕಾರುಗಳನ್ನು ಮಾಡುತ್ತಿದ್ದವರು. 1992ರಲ್ಲಿ ಲೋಕಕ್ಕೆ ತೋರಿಸಿದ ಎಫ್1ನಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಟರ್ಬೊ ಇಲ್ಲ. ಸೀಟುಗಳ ಹಿಂದೆ ಬಿಎಂಡಬ್ಲ್ಯೂದವರು ಕಟ್ಟಿಕೊಟ್ಟ 6.1 ಲೀಟರಿನ 12 ಸಿಲಿಂಡರ್ ಎಂಜಿನ್. ರೇಸಿನವೂ ಸೇರಿ ತಯಾರಾದದ್ದು 106 ಕಾರು ಮಾತ್ರ. 1995ರಲ್ಲಿ ಇದರ ರೇಸ್ ರೂಪವಾದ ಜಿಟಿಆರ್, ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿಗೆ ಮೊದಲ ಸಲ ಹೋಗಿ ಗೆದ್ದೇ ಬಂತು. ಅಲ್ಲಿ ಐದು ಮೆಕ್‌ಲಾರೆನ್‌ಗಳು ಕೊನೆ ಮುಟ್ಟಿದವು. ಆ ಐದರ ನೆನಪಿಗೆ ಮಾರಾಟಕ್ಕೆಂದು ಐದೇ ಐದು ಎಲ್‌ಎಂ, ಅಂದರೆ ಲೆ ಮಾನ್ಸ್, ಕಟ್ಟಿದರು. ರೇಸಿನ ನಿಯಮದಂತೆ ಜಿಟಿಆರ್ ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಡಿಮೆ ಮಾಡುವ ರಿಸ್ಟ್ರಿಕ್ಟರ್ ಹಾಕಬೇಕಿತ್ತು. ಎಲ್‌ಎಂಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ರಸ್ತೆಗೆ ಬಂದ ಈ ಕಾರಿಗೆ ರೇಸ್ ಕಾರಿಗಿಂತ ಜಾಸ್ತಿ ಶಕ್ತಿ, 680 ಪಿಎಸ್ (ಕುದುರೆಶಕ್ತಿಯ ಅಳತೆ). ಒಳಗಿನ ಸದ್ದು ತಡೆಯುವ ಹಾಸು, ಮ್ಯೂಸಿಕ್ ಸಿಸ್ಟಂ ಎಲ್ಲ ತೆಗೆದು ಸಾಮಾನ್ಯ ಎಫ್1ಗಿಂತ 76 ಕಿಲೋ ಇಳಿಸಿದರು. ನಾನು ಎಷ್ಟೋ ವೇಗದ ಕಾರುಗಳ ಬಗ್ಗೆ ಓದಿದ್ದೇನೆ. ಬೇಡದ್ದನ್ನು ಇಷ್ಟು ಧೈರ್ಯವಾಗಿ ಬಿಟ್ಟ ಕಾರು ಇನ್ನೊಂದು ಕಂಡಿಲ್ಲ.

ಅಳತೆಗೆ ಮೂಲ ಎಫ್1 ಹಿಡಿದೆ. ಉದ್ದ 4,287 ಮಿಲಿಮೀಟರ್, ಅಗಲ 1,820, ಎತ್ತರ 1,140, ಗಾಲಿಗಳ ನಡುವಿನ ಅಂತರ 2,718. ಎಲ್ಲವನ್ನೂ ಎಂಟರಿಂದ ಭಾಗಿಸಿ, ಅಡ್ಡ ಸೀಳಿದ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿಕೊಂಡೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಆ ರಟ್ಟು ಹಿಡಿದು ಕೆತ್ತಿದೆ. ಎಲ್‌ಎಂನ ಮುಂದಿನ ಗಾಳಿಬಾಯಿ, ಗಾಲಿಯ ಮೇಲಿನ ಉಬ್ಬು ಆಮೇಲೆ ಪುಟ್ಟಿಯಲ್ಲಿ ಕಟ್ಟಿದ್ದು. ಈ ಮರದ ತುಂಡು ಎಷ್ಟು ಭಾರವಿದ್ದರೂ ಚಿಂತೆಯಿಲ್ಲ, ಅದು ಅಚ್ಚು ತೆಗೆಯಲು ಮಾತ್ರ. ಆದರೆ ಮೇಲ್ಮೈ ಕನ್ನಡಿ ಹಾಗೆ ನುಣುಪಾಗಬೇಕು. 2000 ನಂಬರಿನ ವಾಟರ್ ಪೇಪರ್‌ವರೆಗೆ ತಿಕ್ಕಿ, ಕಂಪೌಂಡ್ ಹೊಡೆದು, ಮೇಣ ಹಚ್ಚಿ, ಅದರ ಮೇಲೆ ಗ್ಲಾಸ್ ಫೈಬರಿನಲ್ಲಿ ಅಚ್ಚು ತೆಗೆದೆ. ಅಚ್ಚಿನಲ್ಲಿ ಒಂದು ಗೀರಿದ್ದರೂ ಅದನ್ನು ಮುಚ್ಚಲು ಮೇಲೆ ಪುಟ್ಟಿ ಬೇಕು. ಪುಟ್ಟಿ ಅಂದರೆ ತೂಕ.

ಈಗ ಕಾರ್ಬನ್. 1981ರಲ್ಲಿ ಮೆಕ್‌ಲಾರೆನ್ ತಂಡ ಎಂಪಿ4/1 ಅನ್ನುವ ರೇಸ್ ಕಾರಿನ ಇಡೀ ಒಡಲನ್ನು ಕಾರ್ಬನ್ ನಾರಿನಲ್ಲಿ ಮಾಡಿತು. ಫಾರ್ಮುಲಾ ಒನ್‌ನಲ್ಲಿ ಅದೇ ಮೊದಲು. ಅದೇ ವರ್ಷ ಇಟಲಿಯ ಮೊಂಜಾದ ರೇಸಿನಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಆ ಕಾರು ರಸ್ತೆಯಂಚಿನ ತಡೆಗೆ ಬಡಿದು ಎರಡು ತುಂಡಾಯಿತು. ಅವರು ಇಳಿದು ನಡೆದುಕೊಂಡು ಹೋದರು. ಕಾರ್ಬನ್ ಗಟ್ಟಿ ಹೌದೋ ಅಲ್ಲವೋ ಅನ್ನುವ ಅನುಮಾನ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಆ ವಿದ್ಯೆಯನ್ನೇ ಎಫ್1 ರಸ್ತೆಗೆ ತಂದಿತು.

ಗದಗದ ಕಡೆ ಹೋಗುವ ಗಾಳಿಯಂತ್ರದ ರೆಕ್ಕೆಗಳನ್ನು ಉದ್ದನೆಯ ಟ್ರೇಲರ್ ಮೇಲೆ ನಾವೆಲ್ಲ ನೋಡಿದ್ದೇವೆ, ಅಲ್ವಾ? ಅದೂ ನಾರು ಮತ್ತು ರೆಸಿನ್ ಸೇರಿಸಿ ಮಾಡುವ ವಸ್ತುವೇ, ಹೆಚ್ಚಾಗಿ ಗಾಜಿನ ನಾರು. ನಾರು ತನ್ನ ಉದ್ದಕ್ಕೆ ಎಳೆದರೆ ಬಲ ತೋರಿಸುತ್ತದೆ, ಅಡ್ಡ ಎಳೆದರೆ ಇಲ್ಲ. ಆದ್ದರಿಂದ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಹಾಸಬೇಕು. ನಾನು ಒಂದು ಪದರ ನೇರ, ಅದರ ಕೆಳಗಿನದು 45 ಡಿಗ್ರಿ ಓರೆಯಾಗಿ ಹಾಸಿದೆ. ಎರಡೇ ಪದರ. ಬಾಗಿಲಿನ ಅಂಚು, ಕಾರಿನ ಹಿಂದಿನ ರೆಕ್ಕೆ ಕೂರುವ ಜಾಗದಲ್ಲಿ ಮಾತ್ರ ಮೂರನೆಯದು.

ದೊಡ್ಡ ಕಂಪನಿಗಳು ರೆಸಿನ್ ಮೊದಲೇ ಸವರಿದ ಬಟ್ಟೆ ತಂದು, ಆಟೋಕ್ಲೇವ್ ಅನ್ನುವ ದೊಡ್ಡ ಒಲೆಯಲ್ಲಿ ಬಿಸಿ ಮತ್ತು ಒತ್ತಡ ಎರಡನ್ನೂ ಕೊಟ್ಟು ಗಟ್ಟಿ ಮಾಡುತ್ತವೆ. ನನ್ನ ಹತ್ತಿರ ಇದ್ದದ್ದು ಹಳೇ ಫ್ರಿಜ್ಜಿನ ಕಂಪ್ರೆಸರ್. ಅದರ ಗಾಳಿ ಎಳೆಯುವ ಬಾಯಿಗೆ ಪೈಪು ಕೊಟ್ಟರೆ ಒಳ್ಳೆಯ ವ್ಯಾಕ್ಯೂಮ್ ಪಂಪು ಆಗುತ್ತದೆ. ಅಚ್ಚಿನಲ್ಲಿ ಬಟ್ಟೆ ಹಾಸಿ, ಎಪಾಕ್ಸಿ ರೆಸಿನ್ ಸವರಿ, ಮೇಲೆ ಆಮೇಲೆ ಸುಲಿದು ತೆಗೆಯುವ ಪೀಲ್ ಪ್ಲೈ ಬಟ್ಟೆ, ಹೆಚ್ಚಿನ ರೆಸಿನ್ ಹೀರುವ ಹತ್ತಿಯಂಥ ಹಾಸು, ಕೊನೆಗೆ ಪ್ಲಾಸ್ಟಿಕ್ ಚೀಲ. ಗಾಳಿ ಎಳೆದಾಗ ಹೊರಗಿನ ಗಾಳಿಯೇ ಬಟ್ಟೆಯನ್ನು ಅಚ್ಚಿಗೆ ಒತ್ತುತ್ತದೆ, ಹೆಚ್ಚಾದ ರೆಸಿನ್ ಹೊರಗೆ ಬರುತ್ತದೆ. ಗ್ರಾಂ ಉಳಿಯುವುದು ಇಲ್ಲೇ. ನಾರಿನಷ್ಟೇ ತೂಕದ ರೆಸಿನ್ ಸಾಕು, ಉಳಿದದ್ದೆಲ್ಲ ಸುಮ್ನೆ ಭಾರ.

ನಮ್ಮೂರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಜುಲೈನಲ್ಲಿ ಧಾರವಾಡದ ಕಡೆಯಿಂದ ಜಿಟಿಜಿಟಿ ಮಳೆ ಹಿಡಿದರೆ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ. ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಮೊದಲು ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ತಿಕ್ಕಬೇಕು. ತೊಳೆಯದೆ ತಿಕ್ಕಿದರೆ ಜಿಡ್ಡು ಒಳಗೇ ಇಳಿಯುತ್ತದೆ. ಇನ್ನೊಂದು ಮಾತು. ಅಚ್ಚಿನಿಂದ ತೆಗೆದ ಕವಚವನ್ನು ನೇರ ಬಣ್ಣಕ್ಕೆ ಕೊಡಬೇಡಿ. ತಗಡಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ 60 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಡಿ. ರೆಸಿನ್ ಕುಗ್ಗುವುದಿದ್ದರೆ ಅಲ್ಲೇ ಕುಗ್ಗಲಿ. ಇಲ್ಲದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಬಣ್ಣದ ಕೆಳಗಿನಿಂದ ನೇಯ್ಗೆಯ ಗೆರೆ ಎದ್ದು ಕಾಣುತ್ತದೆ.

ಒಳಗೆ ಮೂರು ಸೀಟು. ಡ್ರೈವರ್ ನಡುವೆ ಮುಂದೆ, ಇಬ್ಬರು ಹಿಂದೆ ಅತ್ತ ಇತ್ತ. ನಮ್ಮ ಆಟೊದಲ್ಲಿ ಕೂರುವ ಹಾಗೆಯೇ. ಆಟೊ ಓಡಿಸಿದವರಿಗೆ ಇದರ ಲಾಭ ಕೂಡಲೇ ಗೊತ್ತಾಗುತ್ತದೆ, ಎಡ ಬಲ ಎರಡೂ ಕಡೆಯ ಜಾಗ ಕಣ್ಣಿಗೆ ಒಂದೇ ಅಳತೆಯಲ್ಲಿ ಸಿಗುತ್ತದೆ. ಸೀಟುಗಳನ್ನು ಉಳಿದ ಕಾರ್ಬನ್ ತುಂಡುಗಳಲ್ಲೇ ಮಾಡಿದೆ.

ಗಾಲಿಗಳು ತಾರಿಹಾಳದ ಒಂದು ಲೇಥ್ ಅಂಗಡಿಯಲ್ಲಿ ಆದವು. ನಿಜವಾದ ಎಲ್‌ಎಂನವು 18 ಇಂಚಿನ ಮೆಗ್ನೀಸಿಯಂ. ನಾನು ಅಲ್ಯುಮಿನಿಯಂ ಬಳಸಿದೆ. ಅದು ಮೆಗ್ನೀಸಿಯಂಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ಹಿಂಬದಿಯನ್ನು ಪೂರ್ತಿ ಕೊರೆಸಿದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಎಂಜಿನ್ ಕೋಣೆಯದು. ಎಫ್1ನ ಎಂಜಿನ್ ಸುತ್ತ ಚಿನ್ನದ ಹಾಳೆ ಹೊದಿಸಿದ್ದಾರೆ, ಸುಮಾರು 16 ಗ್ರಾಂ. ಅದು ಶೋಕಿಗೆ ಅಲ್ಲ. ಚಿನ್ನ ಶಾಖದ ಕಿರಣವನ್ನು ಬಹಳ ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ. ಸುತ್ತ ಕಾರ್ಬನ್ ಇರುವಾಗ ಆ ಶಾಖ ತಡೆಯಲೇಬೇಕು. ನಮ್ಮ ಹಳೇ ಹುಬ್ಬಳ್ಳಿಯಲ್ಲಿ ಪರಿಚಯದ ಪತ್ತಾರರೊಬ್ಬರು ದೇವರ ಪ್ರಭಾವಳಿಗೆ ಚಿನ್ನದ ರೇಕು ಅಂಟಿಸುತ್ತಾರೆ. ಅವರನ್ನೇ ಗ್ಯಾರೇಜಿಗೆ ಕರೆದೆ. ಬಂದವರೇ ಮೊದಲು ಹೇಳಿದ್ದು, "ತಮ್ಮಾ, ಫ್ಯಾನ್ ಬಂದ್ ಮಾಡು, ಬಾಗಲಾ ಹಾಕು. ಉಸರೂ ಜೋರ್ ಬಿಡಬ್ಯಾಡ." ಅಂಟು ಹಚ್ಚಿ, ಅದು ಬೆರಳಿಗೆ ಹತ್ತದೆ ಸ್ವಲ್ಪವೇ ಹಿಡಿಯುವ ಹದಕ್ಕೆ ಬರುವವರೆಗೆ ಕಾದು, ಮೆತ್ತನೆಯ ಕುಂಚದಲ್ಲಿ ರೇಕು ಇಳಿಸಿದರು. "ಕಾಕಾ, ಇದು ಮೋಟಾರಿನ ಒಳಗ ಹೋಗೂದು, ಯಾರಿಗೂ ಕಾಣೂದಿಲ್ಲ" ಅಂದೆ. "ದೇವರ ಹಿಂದಿನ ಬದಿನೂ ಯಾರೂ ನೋಡೂದಿಲ್ಲ, ಆದ್ರ ಹಚ್ಚತೇವಿ" ಅಂದರು. ಒಂದು ರೇಕಿನ ತೂಕ ನನ್ನ ತಕ್ಕಡಿಗೆ ಸಿಗಲೇ ಇಲ್ಲ.

ಬಣ್ಣ ಪಪ್ಪಾಯಿ ಕಿತ್ತಳೆ. ತಂಡ ಕಟ್ಟಿದ ಬ್ರೂಸ್ ಮೆಕ್‌ಲಾರೆನ್ ಕಾಲದ ರೇಸ್ ಕಾರುಗಳ ಬಣ್ಣ ಅದು, ಎಲ್‌ಎಂಗೂ ಅದೇ ಬಂತು. ಕಿತ್ತಳೆ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಕೆಳಗೆ ಕಾರ್ಬನ್ ಕಪ್ಪು. ನೇರ ಹೊಡೆದರೆ ಕೋಟಿನ ಮೇಲೆ ಕೋಟು ಹೊಡೆಯುತ್ತಲೇ ಇರಬೇಕು, ತೂಕ ಏರುತ್ತಲೇ ಇರುತ್ತದೆ. ಅದಕ್ಕೆ ತೆಳ್ಳಗೆ ಬಿಳಿ ಪ್ರೈಮರ್, ಮೇಲೆ ಹಳದಿ, ಆಮೇಲೆ ಕಿತ್ತಳೆ. ಹಳದಿಯ ಮೇಲೆ ಕಿತ್ತಳೆ ಬೇಗ ತುಂಬುತ್ತದೆ, ಬಿಸಿಲಿನಲ್ಲಿ ಒಳಗಿನಿಂದ ಬೆಳಕು ಬಂದಂತೆ ಕಾಣುತ್ತದೆ. ಪ್ರತಿ ಕೋಟಿನ ನಂತರ ಕವಚವನ್ನು ತಕ್ಕಡಿಗೆ ಇಟ್ಟೆ. ಮೇಲಿನ ಬಣ್ಣವಿಲ್ಲದ ಕ್ಲಿಯರ್ ಎರಡೇ ಕೋಟು. ಹೊಳಪು ಬರಿಸಿದ್ದು ತಿಕ್ಕಿ, ಹೊಡೆದಲ್ಲ.

ಹಿಂದಿನ ರೆಕ್ಕೆಗೆ ಬಣ್ಣ ಬೇಡ ಅಂದುಕೊಂಡೆ. ಅಲ್ಲಿ ಕಾರ್ಬನ್ ನೇಯ್ಗೆ ಕಾಣಲಿ ಅಂತ. ಸಾಮಾನ್ಯ ಕಾರ್ಬನ್ ಬಟ್ಟೆಯ ನೇಯ್ಗೆ ಇಷ್ಟು ಚಿಕ್ಕ ಮಾದರಿಗೆ ತೀರಾ ದಪ್ಪ ಕಾಣುತ್ತದೆ, ಆದ್ದರಿಂದ ಸಣ್ಣ ಎಳೆಯ ಬಟ್ಟೆಯನ್ನು ಬೆಂಗಳೂರಿನಿಂದ ತರಿಸಿದೆ. ದುಬಾರಿ, ಆದರೆ ಅಂಗೈ ಅಗಲ ಸಾಕಲ್ಲ. ರೆಕ್ಕೆಯ ನಡುಗೆರೆಯಲ್ಲಿ ಎಡದ ನೇಯ್ಗೆ ಬಲದ ನೇಯ್ಗೆಗೆ ಬಾಣದ ತುದಿಯಂತೆ ಕೂಡಬೇಕು. ಒಂದು ಎಳೆ ಜರುಗಿದರೂ ಕಣ್ಣು ಅಲ್ಲೇ ಹೋಗುತ್ತದೆ. ಬರಿ ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ಹಾಗಾಗಿ ಯುವಿ ತಡೆಯುವ ಕ್ಲಿಯರ್ ಕಡ್ಡಾಯ.

ಎಲ್ಲ ಜೋಡಿಸಿ ತೂಗಿದಾಗ 1 ಕಿಲೋ 940 ಗ್ರಾಂ ಬಂತು. ಉಳಿದ ಗ್ರಾಂಗಳಲ್ಲಿ ಎಂಜಿನ್ನಿನ ಮೇಲಿನ 12 ಗಾಳಿ ಕೊಳವೆಗಳನ್ನು ನಿಜವಾದ ಲೋಹದಲ್ಲೇ ಮಾಡುತ್ತಿದ್ದೇನೆ.

ಈಗ ವಿದ್ಯಾನಗರದ ಕಡೆಯ ಕೆಲವು ಎಂಜಿನಿಯರಿಂಗ್ ಹುಡುಗರು ಗ್ಯಾರೇಜಿಗೆ ಬರುತ್ತಿದ್ದಾರೆ. ತಾವೇ ಕಟ್ಟುತ್ತಿರುವ ರೇಸ್ ಕಾರಿಗೆ ಕಾರ್ಬನ್ ಸೀಟು ಬೇಕಂತೆ. ಫ್ರಿಜ್ಜಿನ ಕಂಪ್ರೆಸರ್ ಅವರಿಗೆ ಕೊಟ್ಟಿದ್ದೇನೆ. ಸೀಟು ಎಷ್ಟು ತೂಗಬೇಕು ಅನ್ನುವ ಲೆಕ್ಕ ಮೊದಲು ಬರೆದು ತನ್ನಿ, ಬಟ್ಟೆ ಆಮೇಲೆ ಕತ್ತರಿಸೋಣ ಅಂತ ಹೇಳಿ ಕಳಿಸಿದೆ.