ಸಂತೇಮರಹಳ್ಳಿ ಕ್ಷೇತ್ರದ ಲೆಕ್ಕ ಹಿಡಿದು ಹೊರಟಾಗ

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ಖಾಲಿ ಮಾಡುವಾಗ ಹಳೇ ವೋಟರ್ ಕಾರ್ಡು ಸಿಕ್ಕಿತು. ಲ್ಯಾಮಿನೇಶನ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಕಪ್ಪು ಬಿಳುಪು ಫೋಟೋದಲ್ಲಿ ಅಪ್ಪನ ಮುಖಕ್ಕಿಂತ ಹಿಂದಿನ ಗೋಡೆಯೇ ಚೆನ್ನಾಗಿ ಬಂದಿತ್ತು. ಕೆಳಗೆ ಕ್ಷೇತ್ರದ ಹೆಸರು: ಸಂತೇಮರಹಳ್ಳಿ.

ಮಗಳು ಅದನ್ನು ತಿರುಗಿಸಿ ನೋಡಿ, "ಈ ಹೆಸರಿನ ಕ್ಷೇತ್ರ ಎಲ್ಲಿದೆ ಅಪ್ಪ? ನಮ್ಮೂರು ಕೊಳ್ಳೇಗಾಲಕ್ಕೆ ಅಲ್ವಾ ಸೇರೋದು?" ಅಂದಳು. ಅವಳು ಹುಟ್ಟುವ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. 2008ರಲ್ಲಿ ಅದನ್ನು ರದ್ದು ಮಾಡಿದರು. ನಮ್ಮ ಯಳಂದೂರು ತಾಲ್ಲೂಕಿನ ಊರುಗಳನ್ನು ಕೊಳ್ಳೇಗಾಲಕ್ಕೆ ಸೇರಿಸಿದರು. ಐದು ಕ್ಷೇತ್ರಗಳಿದ್ದ ಚಾಮರಾಜನಗರ ಜಿಲ್ಲೆಗೆ ನಾಲ್ಕೇ ಉಳಿದವು. ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ.

ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಅಲ್ಲಿ ಯಾರ್ಯಾರು ಗೆದ್ದಿದ್ರು?" ಅಂತ ಕೇಳಿದಳು. ಎರಡು ಹೆಸರು ಹೇಳಿ ನಿಂತೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು ನಾನು! ನನ್ನ ಊರಿನ ಚುನಾವಣೆಯೇ ನನಗೆ ಗೊತ್ತಿಲ್ಲ. ಒಂದು ರಜೆಯಲ್ಲಿ ಪಟ್ಟಿ ಮಾಡಿ ಮುಗಿಸೋಣ ಅಂದುಕೊಂಡೆ. ಎರಡು ವರ್ಷ ಹಿಡಿಯಿತು.

ಮೊದಲ ವಾರ ಸುಲಭವಾಗಿತ್ತು. ಪ್ರತಿ ವಿಧಾನಸಭಾ ಚುನಾವಣೆ ಮುಗಿದ ಮೇಲೆ ಚುನಾವಣಾ ಆಯೋಗ ಅಂಕಿಅಂಶದ ವರದಿ ತರುತ್ತದೆ. ಎಲ್ಲವೂ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಅಭ್ಯರ್ಥಿ, ಪಕ್ಷ, ಮತ, ಶೇಕಡಾವಾರು. ಅದನ್ನು ಎಕ್ಸೆಲ್‌ಗೆ ತುಂಬಿದರೆ ಮುಗಿಯಿತು ಅಲ್ವಾ? ಹಾಗಂದುಕೊಂಡೇ ಕೂತೆ. ಮೊದಲ ತಲೆನೋವು ಕಾಗುಣಿತ. ಆ ವರದಿಗಳು ಇಂಗ್ಲಿಷ್‌ನಲ್ಲಿವೆ. ಹೆಸರನ್ನು ಒಂದು ವರ್ಷ ಒಂದು ಥರ ಬರೆದರೆ ಮುಂದಿನ ವರ್ಷ ಇನ್ನೊಂದು ಥರ. ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಬಿಡಿಸಿ. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕಂಪ್ಯೂಟರ್‌ಗೆ ಅವೆಲ್ಲ ಬೇರೆ ಬೇರೆ ಜನ. ಕೊನೆಗೆ ನನ್ನ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟೆ, ಹಾಜರಿ ಪುಸ್ತಕದ ಥರ. ಹೆಸರು ಹೇಗಾದರೂ ಇರಲಿ, ನಂಬರ್ ಬದಲಾಗಬಾರದು. ಇಂಥ ಕೆಲಸಕ್ಕೆ ಕೈಹಾಕುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಿ. ನಾನು ಮೂರು ತಿಂಗಳಾದ ಮೇಲೆ ಮಾಡಿದೆ.

ಪಕ್ಷಗಳ ಕಥೆ ಇನ್ನೂ ಜೋರು. ಜನತಾ ಪಕ್ಷ, ಜನತಾ ದಳ, ಜೆಡಿಎಸ್. ಇವನ್ನು ಒಂದೇ ಬಣ್ಣದಲ್ಲಿ ತೋರಿಸಬೇಕೋ, ಮೂರು ಬಣ್ಣದಲ್ಲೋ? ನಾನು ಮೂರು ಬಣ್ಣ ಇಟ್ಟೆ. ಊರಿನಲ್ಲಿ ಕೇಳಿದರೆ "ಎಲ್ಲಾ ಒಂದೇ ಬಿಡಿ ಸಾರ್" ಅನ್ನುತ್ತಾರೆ. ಅದೂ ಸುಳ್ಳಲ್ಲ.

ದೊಡ್ಡ ತಪ್ಪು ಮಾಡಿದ್ದು ಇದಾದ ಮೇಲೆ. 2004ರ ಸಂತೇಮರಹಳ್ಳಿ, 2008ರ ಕೊಳ್ಳೇಗಾಲ, ಎರಡನ್ನೂ ಅಕ್ಕಪಕ್ಕ ಇಟ್ಟು ಚೆಂದದ ಗ್ರಾಫ್ ಮಾಡಿದೆ. ಎರಡೂ ಕಡೆ ಗೆದ್ದವರು ಆರ್. ಧ್ರುವನಾರಾಯಣ, ಎರಡೂ ಸಲ ಕಾಂಗ್ರೆಸ್. ಗೆಲುವಿನ ಅಂತರದ ಗೆರೆ ಮೇಲಕ್ಕೆ ಹೋಗಿತ್ತು. ಹೆಮ್ಮೆಯಿಂದ ಪರಿಚಯದ ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ನಕ್ಕರು. "ಸಾರ್, ನೀವು ಎರಡು ಮನೆ ಕರೆಂಟ್ ಬಿಲ್ ಹಿಡ್ಕೊಂಡು ಒಂದೇ ಮನೆ ಅಂತಿದ್ದೀರಿ."

ಅವರು ಹೇಳಿದ್ದು ಸರಿ. 2008ರ ಕೊಳ್ಳೇಗಾಲದಲ್ಲಿ ನಮ್ಮ ಯಳಂದೂರು ಇತ್ತು, ಸಂತೇಮರಹಳ್ಳಿ ಕಡೆಯ ಊರುಗಳಿದ್ದವು, ಅದರ ಜೊತೆ ಕೊಳ್ಳೇಗಾಲ ಪಟ್ಟಣವೂ ಇತ್ತು. ಪಟ್ಟಣದವರು ಸಂತೇಮರಹಳ್ಳಿಗೆ ಯಾವತ್ತೂ ವೋಟು ಹಾಕಿದವರಲ್ಲ. ಗ್ರಾಫ್ ಕಸದಬುಟ್ಟಿಗೆ ಹೋಯಿತು.

ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ಯಾರು ಗೆದ್ದರು ಅನ್ನುವುದನ್ನು ಬದಿಗಿಟ್ಟು, ಯಾವ ವರ್ಷ ಯಾವ ಊರು ಒಳಗಿತ್ತು ಅನ್ನುವುದನ್ನು ಹಿಡಿದೆ. ಅದಕ್ಕೆ ಬೇಕಾದದ್ದು ಕ್ಷೇತ್ರ ಮರುವಿಂಗಡಣೆಯ ಆದೇಶಗಳು. 2008ರದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ್ದು. 2001ರ ಜನಗಣತಿ ಮೇಲೆ ಮಾಡಿದ್ದು. ಆ ಹೊಸ ಗಡಿಯಲ್ಲಿ ಮೊಟ್ಟಮೊದಲು ಚುನಾವಣೆಗೆ ಹೋದ ರಾಜ್ಯ ನಮ್ಮದೇ, 2008ರ ಮೇ ತಿಂಗಳಲ್ಲಿ. ಅದಕ್ಕೂ ಹಿಂದಿನದು 1976ರದ್ದು. ಅದು 1978ರ ಚುನಾವಣೆಯಿಂದ ಜಾರಿಗೆ ಬಂತು. ರಾಜ್ಯದ ಸೀಟುಗಳು 216ರಿಂದ 224ಕ್ಕೆ ಏರಿದ್ದು ಆಗಲೇ. ಅಂದರೆ 1978ರಿಂದ 2004ರವರೆಗಿನ ಸಂತೇಮರಹಳ್ಳಿಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಬಹುದು. ಅದರ ಹಿಂದಕ್ಕೆ ಹೋದರೆ ಹೆಸರು ಒಂದೇ ಇದ್ದರೂ ನೆಲ ಒಂದೇ ಅಂತ ನಂಬುವ ಹಾಗಿಲ್ಲ. ನನ್ನ ಹಾಳೆಯಲ್ಲಿ ಈಗ 1978ರ ಮೇಲೆ ಒಂದು ದಪ್ಪ ಗೆರೆ, 2004ರ ಕೆಳಗೆ ಇನ್ನೊಂದು ದಪ್ಪ ಗೆರೆ ಇದೆ. ಗೆರೆ ದಾಟಿ ಕೂಡುವುದು ಕಳೆಯುವುದು ಇಲ್ಲ.

ಆದೇಶದಲ್ಲಿ ಊರುಗಳ ಹೆಸರು ಸಿಗುತ್ತದೆ ಅಂದುಕೊಳ್ಳಬೇಡಿ. ತಾಲ್ಲೂಕು, ಅದರೊಳಗೆ 'ಕೆ.ಸಿ.' ಅಂತ ಇರುತ್ತದೆ. ಕಾನೂನ್‌ಗೋ ಸರ್ಕಲ್. ನಮ್ಮ ಲೆಕ್ಕದಲ್ಲಿ ಹೋಬಳಿ. ಹೋಬಳಿಗೆ ಯಾವ ಊರು ಸೇರುತ್ತದೆ ಅನ್ನುವುದಕ್ಕೆ ಜನಗಣತಿಯ ಜಿಲ್ಲಾ ಕೈಪಿಡಿ ಬೇಕು. ನಾನು ತಾಲ್ಲೂಕಿನ ನಕ್ಷೆಯ ಜೆರಾಕ್ಸ್ ತೆಗೆದು, ಮಗಳ ಸ್ಕೆಚ್ ಪೆನ್ನಲ್ಲಿ ಊರೂರಿಗೆ ಬಣ್ಣ ಹಚ್ಚಿದೆ. ಕಂಪ್ಯೂಟರಿನಲ್ಲಿ ಮಾಡಬಹುದಿತ್ತು, ನಿಜ. ಆದರೆ ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹಳ್ಳಿ ಜಗಲಿ ಮೇಲೆ ಬಿಚ್ಚಿದರೆ ನಾಲ್ಕು ಜನ ಬಗ್ಗಿ ನೋಡುತ್ತಾರೆ. ಲ್ಯಾಪ್‌ಟಾಪ್ ಬಿಚ್ಚಿದರೆ "ಯಾವ ಡಿಪಾರ್ಟ್‌ಮೆಂಟು?" ಅನ್ನುತ್ತಾರೆ.

ಹಿಂದಿನ ಕಾಲಕ್ಕೆ ಹೋದಾಗ ಇನ್ನೊಂದು ಮಜಾ ಗೊತ್ತಾಯಿತು. ನಾವು ಈಗ ಸೇರಿರುವ ಕೊಳ್ಳೇಗಾಲದ 1952ರ ಫಲಿತಾಂಶ ಮೈಸೂರಿನ ವರದಿಯಲ್ಲಿ ಸಿಗುವುದೇ ಇಲ್ಲ. ಕೊಳ್ಳೇಗಾಲ ಆಗ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಮದ್ರಾಸ್ ವಿಧಾನಸಭೆಯ ಪುಸ್ತಕ ತೆಗೆಯಬೇಕು. ಯಳಂದೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರು, ಚುನಾವಣೆ ಲೆಕ್ಕದಲ್ಲಿ ಬೇರೆ ರಾಜ್ಯ. ಇದರ ಜೊತೆಗೆ 1952 ಮತ್ತು 1957ರಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬಿಬ್ಬರು ಗೆಲ್ಲುತ್ತಿದ್ದರು. ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು. 1961ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿದರು. ಇದು ಗೊತ್ತಿಲ್ಲದೆ ಶೇಕಡಾವಾರು ಲೆಕ್ಕ ಹಾಕಿದರೆ ಎಲ್ಲವೂ ತಲೆಕೆಳಗು. ಒಬ್ಬ ಮತದಾರನಿಗೆ ಎರಡು ಮತ ಇರುತ್ತಿತ್ತು!

ಹಳ್ಳಿಗಳಲ್ಲಿ ಹಿರಿಯರನ್ನು ಮಾತಾಡಿಸುವಾಗ ಮೊದಮೊದಲು "ಯಾವ ವರ್ಷ?" ಅಂತ ಕೇಳುತ್ತಿದ್ದೆ. ಯಾರಿಗೂ ನೆನಪಿರುತ್ತಿರಲಿಲ್ಲ. ಯಾಕಿರಬೇಕು? ಆಮೇಲೆ "ಯಾವ ಗುರುತಿಗೆ ಹಾಕಿದ್ರಿ?" ಅಂತ ಕೇಳಲು ಶುರು ಮಾಡಿದೆ. ಬೀಗ ತೆಗೆದ ಹಾಗಾಯಿತು. ಜೋಡೆತ್ತು ಅಂದರೆ 1969ಕ್ಕೆ ಮೊದಲಿನ ಕಾಂಗ್ರೆಸ್. ಹಸು ಕರು ಅಂದರೆ ಎಪ್ಪತ್ತರ ದಶಕದ ಇಂದಿರಾ ಕಾಲ. ಕೈ ಅಂದರೆ 1978 ಅಥವಾ ಆಮೇಲೆ. ನೇಗಿಲು ಹೊತ್ತ ರೈತ ಅಂದರೆ ಜನತಾ ಪಕ್ಷ, ಚಕ್ರ ಅಂದರೆ ಜನತಾ ದಳ. ವರ್ಷ ಮರೆತವರಿಗೂ ಚಿತ್ರ ಮರೆತಿಲ್ಲ.

ಒಬ್ಬ ಅಜ್ಜಿ ಇನ್ನೂ ಹಿಂದಕ್ಕೆ ಕರೆದೊಯ್ದರು. ಅಂಗಳದಲ್ಲಿ ಕಾಲು ಚಾಚಿ ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದರು. "ನಾನು ಮೊದ್ಲು ಹಾಕಿದ್ದು ಜೋಡೆತ್ತಿನ ಪೆಟ್ಗೆಗೆ ಕನ ಮಗ" ಅಂದರು. ಪೆಟ್ಟಿಗೆಗೆ ಅಂದರೆ, ಮುದ್ರೆ ಒತ್ತಲಿಲ್ವಾ ಅಜ್ಜಿ? "ಮುದ್ರೆ ಆಮ್ಯಾಕೆ ಬಂದದ್ದು. ಆವಾಗ ಒಬ್ಬೊಬ್ರಿಗೂ ಒಂದೊಂದು ಪೆಟ್ಗೆ. ಚೀಟಿ ತಕ್ಕೊಂಡೋಗಿ ನಿನ್ಗೆ ಬೇಕಾದ ಪೆಟ್ಗೆಗೆ ಹಾಕ್ಬುಡದು." ನನಗೆ ರೋಮಾಂಚನ. ಮೊದಲ ಎರಡು ಚುನಾವಣೆಗಳಲ್ಲಿ ನಿಜವಾಗಿಯೂ ಹಾಗೇ ಇತ್ತು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ. ಮುದ್ರೆ ಒತ್ತುವ ಪದ್ಧತಿ 1962ರ ಹೊತ್ತಿಗೆ ಬಂದದ್ದು. ಆಗ ಮತದಾನಕ್ಕೆ 21 ತುಂಬಿರಬೇಕಿತ್ತು. ಅಜ್ಜಿ ಹಾಕಿದ್ದು ಬಹುಶಃ 1957ರಲ್ಲಿ. ಯಾರು ಗೆದ್ದರು ಅಂತ ಕೇಳಿದೆ. "ನಾ ಹಾಕ್ದೋನೆ" ಅಂದರು.

ಕ್ಷೇತ್ರದ ದೊಡ್ಡ ಹೆಸರು ಬಿ. ರಾಚಯ್ಯನವರದ್ದು. ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದ ಈ ನಾಯಕರು ಕಾಂಗ್ರೆಸ್‌ನಲ್ಲಿದ್ದು 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು. ಆಮೇಲೆ ಜನತಾ ಪಕ್ಷಕ್ಕೆ ಬಂದು ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಮಂತ್ರಿಯಾದರು. ಕೊನೆಗೆ ಕೇರಳದ ರಾಜ್ಯಪಾಲರು. ಅವರ ಮಗ ಎ.ಆರ್. ಕೃಷ್ಣಮೂರ್ತಿಯವರೂ ಇದೇ ಕ್ಷೇತ್ರದ ಶಾಸಕರಾಗಿದ್ದವರು. ಆದರೆ ಸಂತೇಮರಹಳ್ಳಿ ಅಂದ ಕೂಡಲೇ ಜನಕ್ಕೆ ಇದ್ಯಾವುದೂ ನೆನಪಾಗುವುದಿಲ್ಲ. ನೆನಪಾಗುವುದು ಒಂದೇ, 2004.

ಆ ವರ್ಷ ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಕೃಷ್ಣಮೂರ್ತಿ ಅವರಿಗೆ 40,751. ಒಂದು ಮತ. ಇಬ್ಬರದ್ದೂ ಸೇರಿ 81,503 ಮತ, ಅದರಲ್ಲಿ ಒಂದು. ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದು ಮತದಿಂದ ಸೋತದ್ದು ಇದಾದ ನಾಲ್ಕು ವರ್ಷಕ್ಕೆ. ಆ ವಿಷಯದಲ್ಲಿ ನಾವೇ ಮುಂದೆ.

ನನಗೆ ಒಂದು ಅನುಮಾನ ಬಂದಿತ್ತು. ಸಮ ಸಮ ಬಂದರೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಗೆದ್ದವರಿಗೆ ಒಂದು ಮತ ಹೆಚ್ಚು ಬಂತು ಅಂತಲೇ ಕಾನೂನು ಲೆಕ್ಕ ಹಿಡಿಯುತ್ತದೆ. ಇದೂ ಹಾಗೇನಾ? ಅಲ್ಲ, ಎಣಿಕೆಯಲ್ಲೇ ಬಂದ ಒಂದು ಮತ. ಆದರೂ ಬೂತ್‌ವಾರು ಲೆಕ್ಕ ಕಣ್ಣಾರೆ ನೋಡಬೇಕು ಅನಿಸಿತು. ಅದು 'ನಮೂನೆ 20' ಅನ್ನುವ ಹಾಳೆಯಲ್ಲಿರುತ್ತದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲ ಸಲ ಬಂದದ್ದು 2008ರ ಕೊಳ್ಳೇಗಾಲದ ಹಾಳೆ. ಸಂತೇಮರಹಳ್ಳಿ ಅನ್ನುವ ಕ್ಷೇತ್ರ ನಮ್ಮ ಪಟ್ಟಿಯಲ್ಲಿಲ್ಲ ಅಂತ ಜೊತೆಗೊಂದು ಟಿಪ್ಪಣಿ. ಪಾಪ, ಅವರದ್ದೇನೂ ತಪ್ಪಿಲ್ಲ, ಪಟ್ಟಿಯಲ್ಲಿ ಇರಲಿಲ್ಲ! ಎರಡನೇ ಅರ್ಜಿಯಲ್ಲಿ ವರ್ಷ, ಹಳೇ ಕ್ಷೇತ್ರ, ರದ್ದಾದದ್ದು ಎಲ್ಲ ವಿವರವಾಗಿ ಬರೆದೆ. ಆಗ ಬಂತು.

ಒಂದು ಭಾನುವಾರ ಕೂತು ಕ್ಯಾಲ್ಕುಲೇಟರ್‌ನಲ್ಲಿ ಕೂಡಿದೆ. ಒಟ್ಟು ಬರಲೇ ಇಲ್ಲ. ಇನ್ನೊಮ್ಮೆ ಕೂಡಿದೆ. ಮತ್ತೆ ಅಷ್ಟೇ ಕಮ್ಮಿ. ಒಂದು ಮತದ ಚುನಾವಣೆಯಲ್ಲಿ ಒಟ್ಟು ಬರುತ್ತಿಲ್ಲ ಅಂದರೆ ಎದೆ ಹೊಡೆದುಕೊಳ್ಳುವುದಿಲ್ವಾ? ಏನೋ ದೊಡ್ಡದು ಸಿಕ್ಕಿತು ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೊನೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಅಕ್ಷರಗಳ ತಲೆ ಮಾತ್ರ ಕಾಣುತ್ತಿತ್ತು. ಅಂಚೆ ಮತಗಳ ಸಾಲು ಎಲ್ಲ ಬೂತ್‌ಗಳಾದ ಮೇಲೆ ಕೆಳಗೆ ಬೇರೆ ಇರುತ್ತದೆ. ಜೆರಾಕ್ಸ್ ಮಾಡುವಾಗ ಆ ಸಾಲು ಕತ್ತರಿಸಿ ಹೋಗಿತ್ತು. ಅಷ್ಟೇ.

ಒಂದು ಮತದ ಬಗ್ಗೆ ಊರೆಲ್ಲ ಓಡಾಡುವ ಕಥೆ ನಿಮಗೂ ಗೊತ್ತಿರಬಹುದು. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಅವತ್ತು ಓಟು ಹಾಕಲು ಬಿಡುವು ಸಿಗಲಿಲ್ಲ ಅನ್ನುವುದು. ಪತ್ರಿಕೆಗಳೂ ಇದನ್ನು ಬರೆದಿವೆ. ನಮೂನೆ 20ರಲ್ಲಿ ಹಾಕದ ಮತಕ್ಕೆ ಕಾಲಂ ಇಲ್ಲ. ಹಾಗಾಗಿ ನನ್ನ ಹಾಳೆಯಲ್ಲಿ ಅದನ್ನು 'ಜನ ಹೇಳುವುದು' ಅನ್ನುವ ಬೇರೆ ಕಾಲಂಗೆ ಹಾಕಿದ್ದೇನೆ. ಅಜ್ಜಿಯ ಪೆಟ್ಟಿಗೆಯೂ ಅಲ್ಲೇ ಇದೆ.

ಅವತ್ತು ಗೆದ್ದ ಪಕ್ಷ, ಸೋತ ಪಕ್ಷ ಎರಡೂ ತಿಂಗಳೊಳಗೆ ಧರಂಸಿಂಗ್ ಸರ್ಕಾರದಲ್ಲಿ ಒಂದೇ ಬೆಂಚಿನಲ್ಲಿ ಕೂತವು. ಆಮೇಲಿನದನ್ನು ನನ್ನ ಹಾಳೆಯ ಎರಡನೇ ದಪ್ಪ ಗೆರೆಯ ಕೆಳಗೆ ಚಿಕ್ಕದಾಗಿ ಬರೆದಿದ್ದೇನೆ. 2009ರ ಲೋಕಸಭೆಯಲ್ಲಿ ಇದೇ ಇಬ್ಬರು ಮತ್ತೆ ಎದುರಾದರು. ಕೃಷ್ಣಮೂರ್ತಿ ಆಗ ಬಿಜೆಪಿ. ಧ್ರುವನಾರಾಯಣ 4,002 ಮತದಿಂದ ಗೆದ್ದರು. 2019ರಲ್ಲಿ ಶ್ರೀನಿವಾಸ ಪ್ರಸಾದ್ ಎದುರು 1,817 ಮತದಿಂದ ಸೋತರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ಗೆದ್ದರು. ಅಂತರ 59,519.

ಹೋದ ಸಲ ಊರಿಗೆ ಹೋದಾಗ ಸಂತೇಮರಹಳ್ಳಿ ಸರ್ಕಲ್‌ನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಮೇಜಿನ ಮೇಲೆ ನಕ್ಷೆ ಹರಡಿತ್ತು. ಎದುರಿಗೆ ಕೂತ ಹಿರಿಯರೊಬ್ಬರು ವಿಷಯ ಕೇಳಿದರು. ಹೇಳಿದೆ. ಅವರು ಲೋಟ ಕೆಳಗಿಟ್ಟು ಎದೆ ಮುಟ್ಟಿಕೊಂಡರು. "ಆ ಒಂದು ಓಟು ನಂದೇ ಸಾರ್. ಜ್ವರ ಇತ್ತು. ನಮ್ಮ ಹುಡ್ಗ ಸೈಕಲ್ ಮೇಲೆ ಕೂರಿಸ್ಕೊಂಡು ಹೋದ. ನಾನು ಹೋಗ್ದೆ ಇದ್ದಿದ್ರೆ ಧ್ರುವಣ್ಣ ಎಲ್ಲಿ ಗೆಲ್ತಿದ್ರು?" ಇದೇ ಮಾತನ್ನು ಅದಾಗಲೇ ಏಳು ಜನ ಹೇಳಿದ್ದರು.

ನಿಮ್ಮೂರು ಯಾವುದು ಅಂತ ಕೇಳಿದೆ. ಹೇಳಿದರು. ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದೆ. 2004ರಲ್ಲಿ ಅವರ ಊರು ಹಸಿರು ಬಣ್ಣದಲ್ಲಿತ್ತು. ಹಸಿರು ಅಂದರೆ ಚಾಮರಾಜನಗರ ಕ್ಷೇತ್ರ.

ನಕ್ಷೆ ಮಡಚಿ, ಅವರ ಕಾಫಿ ದುಡ್ಡನ್ನೂ ಕೊಟ್ಟು ಎದ್ದೆ.