ಕೊಯ್ದ ಸೊಪ್ಪು ತರಕಾರಿ ಕೊಳೆಯದಂತೆ ಇಡುವುದು ಹೇಗೆ?

ಕರಾವಳಿಯಲ್ಲಿ ಸೆಕೆಯೂ ಇದೆ, ತೇವವೂ ಇದೆ. ಹಾಗಾಗಿ ನಮ್ಮ ಹರಿವೆ, ಬಸಳೆ ಒಣಗಿ ಹಾಳಾಗುವುದಕ್ಕಿಂತ ಬೆಂದು ಕೊಳೆಯುವುದೇ ಜಾಸ್ತಿ. ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ, ಸೊಪ್ಪು ಅಷ್ಟೇ ಬೇಗ ಸೊರಗುತ್ತದೆ.

ಮೊದಲು ಕೊಯ್ಲು. ಇಬ್ಬನಿ ಆರಿದ ಕೂಡಲೇ, ಬಿಸಿಲು ಚುರುಕಾಗುವ ಮುಂಚೆ ಮುಗಿಸಿ. ಕತ್ತಿ ಹರಿತವಾಗಿರಲಿ. ಜಜ್ಜಿದ ದಂಟಿನಿಂದಲೇ ಕೊಳೆ ಶುರುವಾಗುತ್ತದೆ.

ಕೊಯ್ದದ್ದನ್ನು ತಕ್ಷಣ ನೆರಳಿಗೆ ತಂದು ತೆಳುವಾಗಿ ಹರಡಿ. ಇದೇ ಎಲ್ಲಕ್ಕಿಂತ ಮುಖ್ಯ. ರಾಶಿ ಹಾಕಿದ ಸೊಪ್ಪಿನ ನಡುವೆ ಸ್ವಲ್ಪ ಹೊತ್ತು ಬಿಟ್ಟು ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಹಾಗೇ ಕಟ್ಟು ಕಟ್ಟಿದರೆ ಸಂಜೆಯೊಳಗೆ ಒಳಗಿನ ಎಲೆ ಹಳದಿ.

ತೊಳೆಯುವುದಾದರೆ ಶುದ್ಧವಾದ ಬಾವಿ ನೀರು ಸಾಕು. ಆದರೆ ನೀರು ಪೂರ್ತಿ ಬಸಿದ ಮೇಲೆಯೇ ಕಟ್ಟಿ. ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ದಯವಿಟ್ಟು. ಆದಿಉಡುಪಿ ಸಂತೆಗೋ ಮಂಗಳೂರಿನ ಮಾರುಕಟ್ಟೆಗೋ ಒಯ್ಯುವಾಗ ತೂತಿರುವ ಕ್ರೇಟಿನ ತಳಕ್ಕೆ ಬಾಳೆ ಎಲೆ ಹಾಸಿ, ಮೇಲೆ ಹಿಂಡಿದ ಒದ್ದೆ ಗೋಣಿ ಹೊದಿಸಿ.

ಮನೆಯಲ್ಲಿ ಹರಿವೆಯನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬಹುದು. ಬಸಳೆಗೆ ಅಷ್ಟು ಚಳಿ ಆಗದು, ಎಲೆ ಕಪ್ಪಾಗುತ್ತದೆ. ದಂಟಿನ ಬುಡವನ್ನು ನೀರಿನಲ್ಲಿ ನಿಲ್ಲಿಸಿ, ಮನೆಯ ತಂಪು ಮೂಲೆಯಲ್ಲಿಡಿ. ಬೆಂಡೆ, ಹಸಿರು ಮಟ್ಟುಗುಳ್ಳ (ಉಡುಪಿ ಬಳಿಯ ಮಟ್ಟುವಿನ ಗುಂಡು ಬದನೆ) ಕೂಡ 10 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇದ್ದರೆ ಕಲೆ ಬಿದ್ದು ಗುಳಿಯಾಗುತ್ತವೆ. ಅವನ್ನು ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿಟ್ಟು ಎರಡು ಮೂರು ದಿನದಲ್ಲಿ ಬಳಸಿಬಿಡಿ. ಮಾಗಿದ ಬಾಳೆಹಣ್ಣು, ಮಾವಿನಹಣ್ಣು ಇವುಗಳ ಹತ್ತಿರ ಬೇಡ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಎರಡು ಸಾಲು ಇಟ್ಟಿಗೆ ಕಟ್ಟಿ, ನಡುವೆ ಒದ್ದೆ ಮರಳು ತುಂಬಿದ ತಂಪು ಪೆಟ್ಟಿಗೆಯ ಬಗ್ಗೆ ಹಲವರು ಕೇಳುತ್ತಾರೆ. ಅದು ತಂಪಾಗುವುದು ನೀರು ಆವಿಯಾಗುವುದರಿಂದ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಒಂದಿಷ್ಟು ಉಪಯೋಗಕ್ಕೆ ಬರುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವಾಗ ಅದನ್ನು ನಂಬಬೇಡಿ. ಆಗ ಸೊಪ್ಪನ್ನು ಫ್ಯಾನ್ ಕೆಳಗೆ ಆರಿಸಿ, ಅದೇ ದಿನ ಮಾರಿಬಿಡುವುದೇ ಸರಿ.