ಪಂಚಾಂಗ ನೋಡಿ ಕುರ್ವೆಯಲ್ಲಿ ಮಲಗಿದ್ದು

ಕಳೆದ ಬೇಸಿಗೆ ರಜೆಯಲ್ಲಿ, ಅಂದರೆ 2025ರ ಏಪ್ರಿಲ್–ಮೇ ತಿಂಗಳಲ್ಲಿ, ನಾಲ್ಕನೆಯ ತರಗತಿ ಮುಗಿಸಿದ್ದ ಮಗಳನ್ನು ಕಟ್ಟಿಕೊಂಡು ಅಘನಾಶಿನಿ ಹೊಳೆಯ ನಡುವಿನ ಒಂದು ಕುರ್ವೆಯಲ್ಲಿ, ಎಂದರೆ ನಡುಗಡ್ಡೆಯಲ್ಲಿ, ಮೂರು ಸಲ ಬಿಡಾರ ಹೂಡಿದೆ. ಮೊದಲೆರಡು ಸಲ ಸೋತು ಬಂದೆ, ಮೂರನೆಯ ಸಲ ಬೆಳಗಿನವರೆಗೆ ಒಣ ಹಾಸಿಗೆಯಲ್ಲಿ ಮಲಗಿ ಎದ್ದು ಬಂದೆ. ಶಿರಸಿಯ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವ ನಾನು ಇಂಥದಕ್ಕೆ ಇಳಿದದ್ದು ನನ್ನ ತವರಿನಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಕುಮಟಾ ಕಡೆಯ ಆ ಮನೆಯ ಜಗಲಿಯ ಮೇಲೆ ಕುಳಿತು ಅಣ್ಣ, "ನಿಂಗೆ ಮಳ್ಳನೇ? ಕೂಸಿನ ಕರ್ಕಂಡು ಹೊಳೆ ಮಧ್ಯೆ ಮನಗ್ತ್ಯನೇ?" ಎಂದು ಕೇಳಿದ್ದ. ಎರಡನೆಯ ಸೋಲಿನ ಬಳಿಕ ಅವನು ಏನೂ ಕೇಳಲಿಲ್ಲ, ಬರಿದೆ ನಕ್ಕ. ಆ ನಗುವಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಹೊಳೆಯ ಆಯ್ಕೆಯಲ್ಲಿ ಮಾತ್ರ ನಾನು ಮೊದಲಿನಿಂದಲೂ ಎಡವಲಿಲ್ಲ. ಕಾಳಿಯ ನಡುಗಡ್ಡೆಗಳು ನೋಡುವುದಕ್ಕೆ ಇನ್ನೂ ಚೆಂದ, ಆದರೆ ಮೇಲೆ ಕದ್ರಾ ಅಣೆಕಟ್ಟು ಇದೆ. ಶರಾವತಿಗೆ ಗೇರುಸೊಪ್ಪೆಯಲ್ಲಿ ಅಣೆಕಟ್ಟು ಇದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗೆ ಹೊಳೆ ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಎಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಅಣೆಕಟ್ಟಿನ ಕಾಟವಿಲ್ಲ. ಬೇಸಿಗೆಯಲ್ಲಿ ಘಟ್ಟದ ಮೇಲಿನಿಂದ ಬರುವ ನೀರು ತೀರಾ ಕಡಿಮೆಯಾಗಿರುವುದರಿಂದ, ಮಿರ್ಜಾನಿನಿಂದ ಕೆಳಗೆ ಅಳಿವೆಯವರೆಗೆ ಹೊಳೆ ಏರುವುದೂ ಇಳಿಯುವುದೂ ಸಮುದ್ರ ಹೇಳಿದಂತೆ. ಐಗಳಕುರ್ವೆಯಂಥ ದೊಡ್ಡ ಕುರ್ವೆಗಳಲ್ಲಿ ಜನವಸತಿ ಇದೆ. ನಾನು ಆರಿಸಿದ್ದು ಮನೆಯಿಲ್ಲದ, ಹತ್ತಿಪ್ಪತ್ತು ತೆಂಗಿನಮರ, ಸುತ್ತ ಕಾಂಡ್ಲ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ), ಪಡುವಣಕ್ಕೆ ಒಂದು ಪಟ್ಟಿ ಮರಳು ಇರುವ ಚಿಕ್ಕದೊಂದನ್ನು. ಅದರ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಮುಂದಿನ ಬೇಸಿಗೆಗೆ ಅಲ್ಲಿ ನನಗೆ ಜಾಗ ಸಿಗಲಿಕ್ಕಿಲ್ಲ. ತೋಟದ ಯಜಮಾನರಿಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಒಪ್ಪಿಗೆ ಪಡೆದೆ. ಮರದ ಬುಡದಲ್ಲಿ ಬೆಂಕಿ ಹಾಕಬಾರದು, ಒಂದು ಪ್ಲಾಸ್ಟಿಕ್ ಚೂರನ್ನೂ ಬಿಟ್ಟು ಬರಬಾರದು ಎಂಬುದು ಅವರ ಷರತ್ತು.

ಮೊದಲ ಸಲ ಹೋದದ್ದು ಏಪ್ರಿಲ್ 12ರ ಶನಿವಾರ, ಹನುಮ ಜಯಂತಿಯ ಹುಣ್ಣಿಮೆ. ರಜೆ ಆಗಷ್ಟೇ ಸುರುವಾಗಿತ್ತು, ಬೆಳದಿಂಗಳಿನಲ್ಲಿ ಮಗಳಿಗೆ ಹೊಳೆ ತೋರಿಸುವ ಆಸೆ ನನಗಿತ್ತು. ತೆಂಗಿನಮರದ ಕೆಳಗೆ ಮಲಗುವ ಹುಚ್ಚನ್ನು ಕರಾವಳಿಯಲ್ಲಿ ಹುಟ್ಟಿದವರಾರೂ ಮಾಡುವುದಿಲ್ಲವಾದ್ದರಿಂದ ಉಳಿದದ್ದು ಮರಳಿನ ಪಟ್ಟಿ ಮಾತ್ರ. ಅಲ್ಲಿ ಕಸದ ಎರಡು ಗೆರೆಗಳಿದ್ದವು: ಕೆಳಗಿನದು ಹಸಿ ಎಲೆ, ಕಾಂಡ್ಲದ ಕೋಡುಗಳದ್ದು; ಮೇಲಿನದು ಒಣಗಿ ಪುಡಿಯಾಗುವಂತಿದ್ದ ಹಳೆಯ ಕಸದ್ದು. ನಾನು ಎರಡರ ನಡುವೆ ಡೇರೆ ಹಾಕಿದೆ. ಮೇಲಿನ ಗೆರೆ ಹಿಂದಿನ ಮಳೆಗಾಲದ್ದಿರಬೇಕು ಎಂದುಕೊಂಡದ್ದೇ ನನ್ನ ಮೊದಲ ತಪ್ಪು. ರಾತ್ರಿ ಹನ್ನೆರಡರ ಹೊತ್ತಿಗೆ ಮಗಳು ನನ್ನ ತೋಳು ಅಲ್ಲಾಡಿಸಿ, "ಆಯಿ, ಹಾಸಿಗೆ ಎಲ್ಲಾ ಒದ್ದೆ ಆಜು" ಎಂದಳು. ಬ್ಯಾಟರಿ ಬಿಟ್ಟು ನೋಡಿದರೆ ಡೇರೆಯ ಒಂದು ಮೂಲೆಯಲ್ಲಿ ಅವಳ ಚಪ್ಪಲಿ ತೇಲುತ್ತಿತ್ತು. ಗಡಿಬಿಡಿಯಲ್ಲಿ ಎಲ್ಲವನ್ನೂ ಮೇಲಕ್ಕೆ ಎಳೆದು, ಉಳಿದ ರಾತ್ರಿಯನ್ನು ತೋಟದ ಅಂಚಿನಲ್ಲಿ, ಮರಗಳಿಂದ ದೂರದಲ್ಲಿ ಕುಳಿತು ಕಳೆದೆವು. ಬೆಳದಿಂಗಳು ಬಹಳ ಚೆನ್ನಾಗಿತ್ತು.

ಎರಡನೆಯ ಸಲದ ತಪ್ಪನ್ನು ಹೇಳಿಕೊಳ್ಳುವುದಕ್ಕೆ ನನಗೆ ಈಗಲೂ ನಾಚಿಕೆ. ಹುಣ್ಣಿಮೆಯಿಂದ ಕೆಟ್ಟಿತು, ಹಾಗಾದರೆ ಕತ್ತಲೆಯ ರಾತ್ರಿ ಹೋದರಾಯಿತು ಎಂದು ಏಪ್ರಿಲ್ 26ಕ್ಕೆ ಹೊರಟೆ, ಮರುದಿನ ಅಮಾವಾಸ್ಯೆ. ಹುಣ್ಣಿಮೆಗೂ ಅಮಾವಾಸ್ಯೆಗೂ ಸಮುದ್ರ ಉಕ್ಕುತ್ತದೆ ಎಂದು ವರ್ಷ ವರ್ಷವೂ ಮಕ್ಕಳಿಂದ ಬಾಯಿಪಾಠ ಮಾಡಿಸುವವಳಿಗೆ, ತನ್ನ ಹಾಸಿಗೆ ಹಾಸುವಾಗ ಆ ಪಾಠ ನೆನಪಿಗೆ ಬರಲಿಲ್ಲ. ಸಾಲದ್ದಕ್ಕೆ ಏಪ್ರಿಲ್ ಹುಣ್ಣಿಮೆಯಲ್ಲಿ ಚಂದ್ರ ಭೂಮಿಯಿಂದ ದೂರದಲ್ಲಿದ್ದ, ಆ ಅಮಾವಾಸ್ಯೆಯಲ್ಲಿ ಹತ್ತಿರದಲ್ಲಿದ್ದ. ಹೀಗಾಗಿ ಭರತದ, ಎಂದರೆ ಉಬ್ಬರದ, ನೀರು ಹಿಂದಿನ ಸಲಕ್ಕಿಂತ ಮೇಲೆ ಬಂತು. ಒಣಕಸದ ಗೆರೆಯ ಮೇಲೆಯೇ ಹಾಕಿದ್ದ ಡೇರೆಯ ಅಡಿಗೆ ಹನ್ನೊಂದು ದಾಟುವಾಗ ನೀರು ನುಗ್ಗಿತು. ಗಾಳಿಯೂ ಸೇರಿ ಮರಳಿನಲ್ಲಿ ಊರಿದ್ದ ಕಬ್ಬಿಣದ ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬಂದ ದೋಣಿಯವರು ಒದ್ದೆ ಕಂಬಳಿ ಹಿಂಡುತ್ತಿದ್ದ ನನ್ನನ್ನು ನೋಡಿ, "ಅಕ್ಕೋರೆ, ಅಮಾಸೆ ದಿವ್ಸ ನಾವೇ ಇಲ್ಲಿ ದೋಣಿ ಕಟ್ಟೂದಿಲ್ಲ, ನೀವು ಮಲಗೂಕೆ ಬಂದ್ರಲ್ಲ" ಎಂದರು.

ವಿದ್ಯೆ ಸಿಕ್ಕಿದ್ದು ಅವರಿಂದಲೇ. ಅವರ ಲೆಕ್ಕ ಬಹಳ ಸರಳ: ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನಮ್ಮ ಹೊಳೆಯಲ್ಲಿ ತುಂಬು ಭರತ ಹಗಲೂ ರಾತ್ರಿಯೂ ಹನ್ನೊಂದು–ಹನ್ನೆರಡರ ಸುಮಾರಿಗೆ, ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆಯಂತೆ, ಎಂದರೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು, ಹಿಂದೆ ಬೀಳುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಭರತ ಸಂಜೆಗೂ ಬೆಳಗಿನ ಜಾವಕ್ಕೂ ಸರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ದಿನಗಳಲ್ಲಿ ನೀರಿಗೆ ಜೋರಿಲ್ಲ. ಏರಿಳಿತ ಹುಣ್ಣಿಮೆಯ ಅರ್ಧದಷ್ಟಕ್ಕೆ ಬರುತ್ತದೆ. ಶನಿವಾರ, ಭಾನುವಾರ ಎಂದು ಶಾಲೆಯ ಕ್ಯಾಲೆಂಡರ್ ಹಿಡಿದು ಕುಳಿತಿದ್ದವಳು ಅಂದು ಸಂಜೆ ಪಂಚಾಂಗ ತೆಗೆದೆ. ಮೇ 3 ಮತ್ತು 4, ವೈಶಾಖ ಶುದ್ಧ ಷಷ್ಠಿ, ಸಪ್ತಮಿ. ಶನಿವಾರ, ಭಾನುವಾರವೂ ಹೌದು.

ಮೂರನೆಯ ಸಲ ಡೇರೆಯನ್ನೇ ಒಯ್ಯಲಿಲ್ಲ. ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಒಂದು ಪದರದ ನೈಲಾನ್ ಡೇರೆಯೊಳಗೆ ಮಲಗುವುದೆಂದರೆ ಇಡ್ಲಿ ಅಟ್ಟದಲ್ಲಿ ಕುಳಿತಂತೆ. ಬೆವರಿನಿಂದಲೇ ಅರ್ಧ ಹಾಸಿಗೆ ಒದ್ದೆಯಾಗುತ್ತದೆ, ಭರತ ಬರಬೇಕೆಂದಿಲ್ಲ. ಅದರ ಬದಲು ಅಡಿಕೆ ಮುಚ್ಚುವ ಹಳೆಯ ತಾಡಪತ್ರಿಯನ್ನು ಎರಡು ಬಿದಿರಿನ ಮೇಲೆ ಇಳಿಜಾರಾಗಿ ಎಳೆದು ಕಟ್ಟಿ, ಅದರ ಕೆಳಗೆ ಮನೆಯ ಸೊಳ್ಳೆಪರದೆ ತೂಗುಹಾಕಿದೆ. ಸಂಜೆ ಪಡುಗಾಳಿ, ನಡುರಾತ್ರಿಯ ಬಳಿಕ ಘಟ್ಟದ ಕಡೆಯಿಂದ ಮೆಲ್ಲನೆ ಬರುವ ಮೂಡುಗಾಳಿ, ಎರಡಕ್ಕೂ ದಾರಿ ಬಿಡಬೇಕಾದ್ದರಿಂದ ಪೂರ್ವ–ಪಶ್ಚಿಮ ಎರಡೂ ಕಡೆ ತೆರೆದೇ ಇಟ್ಟೆ. ಕಬ್ಬಿಣದ ಗೂಟಗಳಿಗೂ ರಜೆ ಕೊಟ್ಟೆ. ತೆಂಗಿನಕಾಯಿಯ ಅರ್ಧ ಸಿಪ್ಪೆಯ ನಡುವಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದ ಹೊಂಡದಲ್ಲಿ ಅದನ್ನು ಹಗ್ಗಕ್ಕೆ ಅಡ್ಡವಾಗಿ ಮಲಗಿಸಿ, ಮರಳು ಮುಚ್ಚಿ, ಮೇಲೆ ಒಂದು ತಂಬಿಗೆ ನೀರು ಸುರಿದು ತುಳಿದರೆ, ನಾನು ಜೋತುಬಿದ್ದರೂ ಹಗ್ಗ ಅಲುಗಲಿಲ್ಲ. ಆರು ಸಿಪ್ಪೆ, ಆರು ಹಗ್ಗ, ಖರ್ಚು ಸೊನ್ನೆ.

ನುಸಿಯ ವಿಷಯದಲ್ಲಿ ಹೆಚ್ಚು ಒದ್ದಾಡಿದೆ. ಅಂಗಡಿಯ ಕ್ರೀಮು ಬೆವರಿನಲ್ಲಿ ತೊಳೆದು ಹೋಗುತ್ತದೆ, ಕಾಯಿಲ್ ಬಯಲಿನ ಗಾಳಿಗೆ ನಿಲ್ಲುವುದಿಲ್ಲ. ಮೂರನೆಯ ಸಲ ಹಳೆಯ ಮಣ್ಣಿನ ಮಡಕೆಯಲ್ಲಿ ತೆಂಗಿನ ಸಿಪ್ಪೆಯ ಕೆಂಡ ಮಾಡಿ, ಅದರ ಮೇಲೆ ಅರೆ ಒಣಗಿದ ಲಕ್ಕಿಸೊಪ್ಪು ಹಾಕಿ ಗಾಳಿಯ ಮೇಲ್ಗಡೆ ಇಟ್ಟೆ. ಇವೆರಡರ ಜೊತೆ ಮೂರನೆಯದೊಂದನ್ನೂ ಹಾಕಿದ್ದೇನೆ. ಅದು ನನ್ನ ಆಯಿ ಕೊಟ್ಟಿಗೆಯಲ್ಲಿ ಬಳಸುತ್ತಿದ್ದದ್ದು, ಸದ್ಯ ನನ್ನ ಹತ್ತಿರವೇ ಇರಲಿ. ಮುಸ್ಸಂಜೆಯ ಒಂದು ಗಂಟೆ ಹೊಗೆ ಕೊಟ್ಟರೆ ಸಾಕು, ಆಮೇಲೆ ಪರದೆ ನೋಡಿಕೊಳ್ಳುತ್ತದೆ.

ಕುಡಿಯುವ ನೀರಿಗಾಗಿ ಒಂದು ಪ್ರಯೋಗವನ್ನೂ ಮಾಡಿದೆವು. ಮರಳಿನಲ್ಲಿ ಒರತೆ ತೋಡಿದರೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರು ಸಿಗುತ್ತದೆಂದು ಕೇಳಿದ್ದರಿಂದ, ತೋಟದ ಅಂಚಿನಲ್ಲಿ ಮೊಣಕಾಲುದ್ದದ ಹೊಂಡ ತೋಡಿದೆವು. ಮೊದಲು ಬಂದ ನೀರು ಕುಡಿಯಬಹುದು ಎನ್ನುವಂತಿತ್ತು. ಹೆಚ್ಚು ಸಿಗಲೆಂದು ಮಗಳು ಇನ್ನೊಂದು ಗೇಣು ಕೆದರಿದಳು, ಅಷ್ಟಕ್ಕೇ ಸವಳಾಯಿತು. ಮೇಲಿನ ಸಿಹಿನೀರಿನ ಪದರ ಬೇಸಿಗೆಯ ಕೊನೆಗೆ ಅಷ್ಟು ತೆಳ್ಳಗಿರುತ್ತದೆ. ಕೈಕಾಲು ತೊಳೆಯುವುದಕ್ಕೆ ಅದನ್ನು ಇಟ್ಟುಕೊಂಡು, ಕುಡಿಯುವುದಕ್ಕೂ ಅಡುಗೆಗೂ ಇಪ್ಪತ್ತು ಲೀಟರಿನ ಕ್ಯಾನ್ ಒಯ್ದದ್ದನ್ನೇ ಬಳಸಿದೆವು. ಇಬ್ಬರಿಗೆ ಎರಡು ಹಗಲು, ಒಂದು ರಾತ್ರಿಗೆ ಅದು ಸರಿಯಾಗಿ ಸಾಲುತ್ತದೆ, ಉಳಿಯುವುದಿಲ್ಲ.

ಮಗಳ ಪ್ರಯೋಗ ನನ್ನದಕ್ಕಿಂತ ಚೆನ್ನಾಗಿ ಫಲಿಸಿತು. ಒಂದು ಅಡಿಕೆ ದಬ್ಬೆಗೆ ಗೇಣಿಗೊಂದರಂತೆ ಕೆಂಪು ನೂಲು ಕಟ್ಟಿ, ಇಳಿತದಲ್ಲಿ ನೀರಿನ ಅಂಚಿಗೆ ಊರಿದಳು. ಬೆಳಗಿನ ಜಾವ ನನ್ನನ್ನು ಎಬ್ಬಿಸಿ ಬ್ಯಾಟರಿ ಹಿಡಿದು ಎಣಿಸಿದಳು: ನಾಲ್ಕನೆಯ ನೂಲು ಮುಳುಗಿ ಐದನೆಯದು ಒಣಗಿತ್ತು. ನೀರಿನ ಅಂಚಿಗೂ ನಮ್ಮ ಹಾಸಿಗೆಗೂ ನಡುವೆ ನಾಲ್ಕು ಮಾರು ಒಣಮರಳು ಉಳಿದಿತ್ತು. ಹಿಂದಿನ ಎರಡು ರಾತ್ರಿಗಳಲ್ಲಿ ನೀರು ಬಂದು ನಿಂತಿದ್ದ ಜಾಗವೇ ಅದು. ಹಗಲು ನೀರು ಇಳಿದಾಗ ಆಚೆ ದಡದ ಹೆಂಗಸರು ಸೊಂಟದುದ್ದದ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ನೋಡಿ, ಸಸ್ಯಾಹಾರಿ ಮನೆಯ ಕೂಸು ಬರಿಯ ಚಿಪ್ಪುಗಳನ್ನು ಒಂದು ಚೀಲ ತುಂಬಿಸಿಕೊಂಡಿತು. ಮೊದಲ ಸಲ ಕಲ್ಲಿಗೆ ಅಂಟಿದ ಚಿಪ್ಪು ತಾಗಿ ಅವಳ ಅಂಗಾಲು ಸೀಳಿತ್ತು. ಅಲ್ಲಿಂದೀಚೆ ನೀರಿಗಿಳಿಯುವಾಗ ಹಳೆಯ ಕ್ಯಾನ್ವಾಸ್ ಬೂಟು ಕಡ್ಡಾಯ, ಲೈಫ್ ಜಾಕೆಟ್ಟೂ ಕಡ್ಡಾಯ. ಇಳಿತ ಸುರುವಾದ ಮೇಲೆ ಹೊಳೆಯ ಸೆಳೆತ ಸಮುದ್ರದ ಕಡೆಗೆ, ಆಗ ಜಾಕೆಟ್ ಇದ್ದರೂ ನಾನು ಅವಳನ್ನು ಮೊಣಕಾಲಿನಿಂದ ಮುಂದೆ ಬಿಡುವುದಿಲ್ಲ.

ಊಟಕ್ಕೆ ಹೆಚ್ಚು ಹಚ್ಚಿಕೊಳ್ಳಲಿಲ್ಲ. ರಾತ್ರಿಗೆ ಗಂಜಿ, ಉಪ್ಪಿನಕಾಯಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಹಗಲಿಗೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಮುರುಗಲು ಪಾನಕ. ಮೊಸರು ಒಯ್ದರೆ ಎರಡನೆಯ ಹೊತ್ತಿಗೆ ಬಾಯಿಗಿಡುವ ಹಾಗಿರುವುದಿಲ್ಲ. ಶೌಚಕ್ಕೆ ಭರತದ ಗೆರೆಯಿಂದ ಬಹಳ ಮೇಲೆ ಹೊಂಡ, ಸುತ್ತ ಹಳೆಯ ಸೀರೆಯ ಮರೆ.

ಇನ್ನು ದುಡ್ಡಿನ ಮಾತು. ಚೀಟಿ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಮೊದಲ ಸಲ ಏಳೂವರೆ ಸಾವಿರ ಹತ್ತಿರ ಹೋಯಿತು: ಡೇರೆ 3,400, ಎರಡು ಲೈಫ್ ಜಾಕೆಟ್ ಸೇರಿ 2,000, ದೋಣಿಗೆ ಹೋಗಿ ಬರಲು 600, ಉಳಿದದ್ದು ಬ್ಯಾಟರಿ, ಕ್ಯಾನ್, ಹಾಳುಮೂಳು. ಎರಡನೆಯ ಸಲ 1,500. ಅದರಲ್ಲಿ ನೀರು ಕುಡಿದ ಮೊಬೈಲಿನ ದುರಸ್ತಿಯ ಖರ್ಚು ಸೇರಿಲ್ಲ. ಮೂರನೆಯ ಸಲ ದೋಣಿ, ದಿನಸಿ, ಕ್ಯಾನ್ ತುಂಬಿಸಿದ್ದು ಎಲ್ಲ ಸೇರಿ 1,100 ದಾಟಲಿಲ್ಲ. ದೇವಿಮನೆ ಘಟ್ಟ ಇಳಿದು ಬರುವ ಸರಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದಾಗಿ ನಮ್ಮಿಬ್ಬರಿಗೂ ಟಿಕೆಟ್ ಪುಕ್ಕಟೆ. "ಅಷ್ಟು ದುಡ್ಡಿಗೆ ಗೋಕರ್ಣದಲ್ಲಿ ಎ.ಸಿ. ರೂಮು ಮಾಡಿ ಮೂರು ದಿನ ಇದ್ದು ಬರಬಹುದಿತ್ತು" ಎಂದು ನಮ್ಮನೆಯವರು ಎರಡು ಸಲ ಲೆಕ್ಕ ಒಪ್ಪಿಸಿದರು, ಮೂರನೆಯ ಸಲದ ಲೆಕ್ಕ ಕೇಳಿ ಸುಮ್ಮನಾದರು. ಡೇರೆಯನ್ನು ಸಹೋದ್ಯೋಗಿಯೊಬ್ಬರಿಗೆ 1,500ಕ್ಕೆ ದಾಟಿಸಿದೆ. ಅವರು ಘಟ್ಟದ ಮೇಲೆ ಚಳಿಗಾಲದಲ್ಲಿ ಬಳಸುತ್ತಾರಂತೆ, ಅಲ್ಲಿ ಅದು ಒಳ್ಳೆಯ ವಸ್ತುವೇ.

ಮೇ ಮೂರನೆಯ ವಾರದಲ್ಲಿ ಇನ್ನೊಮ್ಮೆ ಹೋಗುವ ಮನಸ್ಸಿತ್ತು, ತಿಥಿಯೂ ಹೊಂದುತ್ತಿತ್ತು. ಆದರೆ ಸಂಜೆ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗುವುದು ಕಂಡರೆ ಬಯಲಿನ ಕುರ್ವೆಯಲ್ಲಿ ಮಗುವನ್ನು ಇಟ್ಟುಕೊಂಡು ಇರಬಾರದು ಎಂಬ ಮಟ್ಟಿಗೆ ನಾನೂ ಅಂಜುಬುರುಕಿ. ಆ ವರ್ಷ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಮೇ 24ಕ್ಕೆ ಕೇರಳಕ್ಕೆ ಬಂದಿತು, ಹೋಗದಿದ್ದದ್ದೇ ಒಳ್ಳೆಯದಾಯಿತು.

2026ರ ಪಂಚಾಂಗದಲ್ಲಿ ಏಪ್ರಿಲ್ 25–26 ಮತ್ತು ಮೇ 9–10 ನಮಗೆ ಹೊಂದುತ್ತವೆ. ಎರಡಕ್ಕೂ ಮಗಳು ಅದೇ ಕೆಂಪು ನೂಲಿನ ತುಂಡು ಅಂಟಿಸಿದ್ದಾಳೆ. ಮೊನ್ನೆ ಅಣ್ಣ ಫೋನು ಮಾಡಿ, ತನ್ನ ಮಗನನ್ನೂ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ. ಹುಡುಗನ ಅಳತೆಯ ಲೈಫ್ ಜಾಕೆಟ್ಟಿಗೆ ಸಾವಿರ ರೂಪಾಯಿ ಮುಂಗಡವಾಗಿ ಕಳಿಸು ಎಂದಿದ್ದೇನೆ.